ಸ್ಟಿಕರ್ ಬಿಡಿ, ಮಾಡೆಲ್ ನಂಬರ್ ಓದಿ: ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಪೈಪೋಟಿ

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ಗೆ ಎಂಟು ವರ್ಷ ದಾಟಿದೆ. ಅದರಲ್ಲಿರುವುದು ಇಂಟೆಲ್ ಐ5-7200ಯು. ಆಗೆಲ್ಲ ‘ಐ5 ಇದೆಯಾ’ ಅಂತ ಕೇಳಿದರೆ ಸಾಕಿತ್ತು. ಈಗ ನೋಡಿದರೆ ಕೋರ್ ಅಲ್ಟ್ರಾ, ರೈಜೆನ್ ಎಐ, ಸ್ನಾಪ್‌ಡ್ರ್ಯಾಗನ್, ಆಪಲ್ ಎಂ ಸರಣಿ ಅಂತ ತಲೆ ತಿರುಗುವಷ್ಟು ಹೆಸರುಗಳಿವೆ. ಈ ಪೈಪೋಟಿಯಲ್ಲಿ ಮುಂದಿರುವವರು ಯಾರು? ನನ್ನಂಥ ಸಾಮಾನ್ಯ ಬಳಕೆದಾರರಿಗೆ ಇದರಿಂದ ನಿಜವಾಗಿ ಲಾಭ ಇದೆಯಾ? ನನ್ನ ಕೆಲಸ ಬರವಣಿಗೆ, ಲೆಕ್ಕಪತ್ರ, ವಿಡಿಯೊ ಕಾಲ್, ಅಪರೂಪಕ್ಕೊಮ್ಮೆ ಸ್ವಲ್ಪ ವಿಡಿಯೊ ಎಡಿಟಿಂಗ್. ಯಾವುದು ತಗೊಳ್ಳಲಿ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಲಾಭ ಇದೆ, ಬಹಳ ಇದೆ. ಅದಕ್ಕೆ ಸಾಕ್ಷಿ ನಿಮ್ಮ ಹಳೇ ಲ್ಯಾಪ್‌ಟಾಪ್ ಒಳಗೇ ಕೂತಿದೆ.

ಐ5-7200ಯು ಬಂದದ್ದು 2016ರಲ್ಲಿ. ಅದರಲ್ಲಿ ಎರಡು ಕೋರ್. (ಕೋರ್ ಅಂದರೆ ಚಿಪ್‌ನ ಒಳಗೆ ಕೆಲಸ ಮಾಡುವ ಘಟಕ.) ಅದರ ಅಣ್ಣನಂತಿದ್ದ ಐ7-7500ಯು ಚಿಪ್‌ನಲ್ಲೂ ಎರಡೇ ಕೋರ್. 2010ರಿಂದಲೂ ತೆಳು ಲ್ಯಾಪ್‌ಟಾಪ್‌ಗಳಿಗೆ ಬಂದ ಇಂಟೆಲ್ ಐ5, ಐ7 ಚಿಪ್‌ಗಳ ಕಥೆ ಇಷ್ಟೇ ಆಗಿತ್ತು. ಏಳು ವರ್ಷ, ಎರಡೇ ಕೋರ್. 2017ರ ಮಾರ್ಚ್‌ನಲ್ಲಿ ಎಎಂಡಿ ಕಂಪನಿ ಡೆಸ್ಕ್‌ಟಾಪ್‌ಗಳಿಗೆ ರೈಜೆನ್ ತಂದಿತು. ಅದೇ ವರ್ಷ ಆಗಸ್ಟ್‌ನಲ್ಲಿ ಇಂಟೆಲ್‌ನ ಐ5-8250ಯು ಬಂತು. ಅದರಲ್ಲಿ ನಾಲ್ಕು ಕೋರ್. ವಿದ್ಯುತ್ತಿನ ಮಿತಿ ಅದೇ 15 ವ್ಯಾಟ್, ತಯಾರಿ ಅದೇ 14 ನ್ಯಾನೊಮೀಟರ್ ತಂತ್ರಜ್ಞಾನ (ಈ ಅಂಕಿ ಚಿಕ್ಕದಾದಷ್ಟೂ ತಂತ್ರಜ್ಞಾನ ಹೊಸದು). ಒಂದು ಚಿಪ್ ತಯಾರಾಗಲು ವರ್ಷಗಳೇ ಬೇಕು. ಹಾಗಾಗಿ ರೈಜೆನ್ ನೋಡಿ ಐದೇ ತಿಂಗಳಲ್ಲಿ ಇಂಟೆಲ್ ಎಚ್ಚೆತ್ತಿತು ಅಂತ ನಾನು ಹೇಳುತ್ತಿಲ್ಲ. ಆದರೆ ಎದುರಾಳಿ ಬರುತ್ತಿದ್ದಾನೆ ಅನ್ನುವುದು ಮೊದಲೇ ಗೊತ್ತಿತ್ತು. ನಾಲ್ಕು ಕೋರ್ ಕೊಡುವುದು ಸಾಧ್ಯವಿತ್ತು ಅನ್ನುವುದೂ ಇದರಿಂದ ಗೊತ್ತಾಗುತ್ತದೆ ಅಲ್ವಾ? ನೀವು ಲ್ಯಾಪ್‌ಟಾಪ್ ಕೊಂಡಾಗ ಒಂದೇ ತಲೆಮಾರಿನ ಅಂತರದಲ್ಲಿ ಅದು ನಿಮ್ಮ ಕೈತಪ್ಪಿತು, ಅಷ್ಟೇ. ಆ ಒಂದು ತಲೆಮಾರು ಎಷ್ಟು ಮುಖ್ಯವಾಯಿತು ನೋಡಿ: ವಿಂಡೋಸ್ 11 ಅಧಿಕೃತವಾಗಿ ಬೆಂಬಲಿಸುವ ಇಂಟೆಲ್ ಚಿಪ್‌ಗಳು ಹೆಚ್ಚುಕಡಿಮೆ ಆ 8250ಯು ಸೇರಿದ ಎಂಟನೇ ತಲೆಮಾರಿನಿಂದಲೇ ಶುರು. ನಿಮ್ಮದು ಏಳನೆಯದು.

ಇಂಟೆಲ್‌ಗೆ ಅಷ್ಟು ದಿನ ಯಾಕೆ ಯಾರೂ ಸಾಟಿ ಇರಲಿಲ್ಲ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 2003ರಲ್ಲಿ ಇಂಟೆಲ್ ಸೆಂಟ್ರಿನೊ ತಂದಿತು. ಇಸ್ರೇಲ್‌ನ ಹೈಫಾ ನಗರದ ಅದರ ತಂಡ ಪೆಂಟಿಯಂ ಎಂ ಅನ್ನುವ ಚಿಪ್ ರೂಪಿಸಿತ್ತು. ಆಗ ಇಂಟೆಲ್‌ನ ಮುಖ್ಯ ಚಿಪ್ ಪೆಂಟಿಯಂ 4 ಬರೀ ವೇಗದ ಹಿಂದೆ ಬಿದ್ದು ವಿಪರೀತ ಬಿಸಿಯಾಗುತ್ತಿತ್ತು. ಹೈಫಾದವರು ಆ ದಾರಿ ಬಿಟ್ಟು, ಕಡಿಮೆ ವಿದ್ಯುತ್ತಿನಲ್ಲಿ ಜಾಸ್ತಿ ಕೆಲಸ ಮಾಡುವ ಚಿಪ್ ಕಟ್ಟಿದರು. ಅದರ ಜೊತೆಗೆ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್), ವೈಫೈ ಎರಡನ್ನೂ ಸೇರಿಸಿ ಒಂದೇ ಹೆಸರಿನಲ್ಲಿ ಮಾರಿದರು. ಜನ ಸ್ಟಿಕರ್ ನೋಡಿ ಲ್ಯಾಪ್‌ಟಾಪ್ ಕೊಳ್ಳುವ ಅಭ್ಯಾಸ ಗಟ್ಟಿಯಾದದ್ದು ಆಗಲೇ. ಎಎಂಡಿ ಡೆಸ್ಕ್‌ಟಾಪ್‌ನಲ್ಲಿ ಒಳ್ಳೇ ಪೈಪೋಟಿ ಕೊಟ್ಟರೂ ಲ್ಯಾಪ್‌ಟಾಪ್‌ನಲ್ಲಿ ಹಿಂದೆಯೇ ಉಳಿಯಿತು. ಇಂಟೆಲ್ ತನ್ನನ್ನು ಅನ್ಯಾಯದ ದಾರಿಯಲ್ಲಿ ಹೊರಗಿಡುತ್ತಿದೆ ಅಂತ ಅದು 2005ರಲ್ಲಿ ಕೋರ್ಟಿಗೂ ಹೋಯಿತು. 2009ರಲ್ಲಿ ಇಂಟೆಲ್ 125 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆದರೆ 2011ರಲ್ಲಿ ಎಎಂಡಿ ತಂದ ಬುಲ್ಡೋಜರ್ ವಿನ್ಯಾಸ ನೆಲಕಚ್ಚಿತು. ಮುಂದಿನ ಐದಾರು ವರ್ಷ ಇಂಟೆಲ್‌ಗೆ ಎದುರೇ ಇರಲಿಲ್ಲ.

ಆಮೇಲೆ ಎಡವಿದ್ದು ಇಂಟೆಲ್. ಅದು ಚಿಪ್ ವಿನ್ಯಾಸವನ್ನೂ ತಾನೇ ಮಾಡುತ್ತಿತ್ತು, ತಯಾರಿಯನ್ನೂ ತನ್ನ ಫ್ಯಾಕ್ಟರಿಯಲ್ಲೇ ಮಾಡುತ್ತಿತ್ತು. ದಶಕಗಳ ಕಾಲ ಅದೇ ಅದರ ಬಲ. 14 ನ್ಯಾನೊಮೀಟರ್ ಆದ ಮೇಲೆ ಒಂದೆರಡು ವರ್ಷದಲ್ಲಿ ಬರಬೇಕಿದ್ದ 10 ನ್ಯಾನೊಮೀಟರ್ ಮುಂದಕ್ಕೆ ಹೋಗುತ್ತಲೇ ಇತ್ತು. ಲ್ಯಾಪ್‌ಟಾಪ್‌ಗಳಿಗೆ ಅದು ಸರಿಯಾಗಿ ತಲುಪಿದ್ದು 2019ರಲ್ಲಿ. ಎಎಂಡಿ 2009ರಲ್ಲೇ ತನ್ನ ಫ್ಯಾಕ್ಟರಿಗಳನ್ನು ಬೇರೆ ಕಂಪನಿಯಾಗಿ ಬಿಟ್ಟುಕೊಟ್ಟಿತ್ತು. ಆಗ ಅದು ಸೋಲಿನಂತೆ ಕಂಡಿತ್ತು. ಹತ್ತು ವರ್ಷದ ನಂತರ ಅದೇ ವರವಾಯಿತು. ಬೇರೆಯವರಿಗೆ ಚಿಪ್ ತಯಾರಿಸಿಕೊಡುವ ತೈವಾನ್‌ನ ಟಿಎಸ್‌ಎಂಸಿ ಕಂಪನಿ ಬಳಿ 7 ನ್ಯಾನೊಮೀಟರ್ ಸಿದ್ಧವಿತ್ತು, ಎಎಂಡಿ ಅಲ್ಲಿಗೇ ಹೋಯಿತು. 2020ರ ಜನವರಿಯಲ್ಲಿ ರೈಜೆನ್ 4000 ಸರಣಿ ಘೋಷಿಸಿದಾಗ, 15 ವ್ಯಾಟ್‌ನ ತೆಳು ಲ್ಯಾಪ್‌ಟಾಪ್ ಚಿಪ್‌ನಲ್ಲಿ ಎಂಟು ಕೋರ್ ಕೂತಿದ್ದವು. ಮೂರು ವರ್ಷದ ಹಿಂದೆ ಅದೇ ಜಾಗದಲ್ಲಿ ಎರಡಿದ್ದವು ಅನ್ನುವುದನ್ನು ನೆನಪಿಡಿ. (ಈ ನ್ಯಾನೊಮೀಟರ್ ಅಂಕಿಗಳು ಈಗ ಬರೀ ಹೆಸರು. ಚಿಪ್‌ನ ಯಾವುದೋ ಒಂದು ಭಾಗದ ನಿಜವಾದ ಅಳತೆ ಅಲ್ಲ. ಇಬ್ಬರು ತಯಾರಕರ ಅಂಕಿಗಳನ್ನು ನೇರವಾಗಿ ಹೋಲಿಸಲೂ ಬಾರದು.)

ಅದೇ ವರ್ಷದ ನವೆಂಬರ್‌ನಲ್ಲಿ ಆಪಲ್ ಎಂ1 ಬಂತು. ಪೈಪೋಟಿಯ ದಿಕ್ಕೇ ಬದಲಾದದ್ದು ಇಲ್ಲಿ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಆಪಲ್ 2006ರಿಂದ ಮ್ಯಾಕ್‌ಗಳಲ್ಲಿ ಇಂಟೆಲ್ ಚಿಪ್ ಹಾಕುತ್ತಿತ್ತು. 2020ರಲ್ಲಿ ಅದನ್ನು ಬಿಟ್ಟು, ಫೋನ್‌ಗಳಿಗೆ ಮಾಡುತ್ತಿದ್ದ ತನ್ನದೇ ಚಿಪ್‌ಗಳ ಸಾಲನ್ನು ಬೆಳೆಸಿ ಲ್ಯಾಪ್‌ಟಾಪ್‌ಗೆ ತಂದಿತು. ಎಂ1 ಇದ್ದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇರಲಿಲ್ಲ. ಅದರ ಕೋರ್‌ನ ಗರಿಷ್ಠ ವೇಗ 3.2 ಗಿಗಾಹರ್ಟ್ಸ್. ಅದೇ ಹೊತ್ತಿನ ಇಂಟೆಲ್ ಐ7-1185ಜಿ7 ಚಿಪ್‌ನ ಗರಿಷ್ಠ ವೇಗ 4.8. ಕಾಗದದ ಮೇಲೆ ಇಂಟೆಲ್ ಒಂದೂವರೆ ಪಟ್ಟು ಮುಂದೆ. ಆದರೂ ಒಂದು ಕೋರ್‌ನ ಕೆಲಸದಲ್ಲಿ ಎಂ1 ಸರಿಸಮ ನಿಂತಿತು, ಎಷ್ಟೋ ಕಡೆ ಮುಂದೆಯೇ ಇತ್ತು. ಅದೂ ತೀರಾ ಕಡಿಮೆ ವಿದ್ಯುತ್ತಿನಲ್ಲಿ.

ಇದು ಹೇಗೆ? ಚಿಪ್‌ನ ವೇಗ ಏರಿಸಬೇಕಾದರೆ ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕು. ಖರ್ಚಾಗುವ ವಿದ್ಯುತ್ತು ವೇಗದ ಜೊತೆಗೂ ಏರುತ್ತದೆ, ವೋಲ್ಟೇಜಿನ ವರ್ಗದ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದರ) ಜೊತೆಗೂ ಏರುತ್ತದೆ. ಒಂದು ಲೆಕ್ಕ ಮಾಡಿ ನೋಡಿ. ವೇಗ ಶೇ 20 ಜಾಸ್ತಿ ಮಾಡಲು ವೋಲ್ಟೇಜ್ ಕೂಡ ಶೇ 20 ಏರಿಸಬೇಕಾಯಿತು ಅಂದುಕೊಳ್ಳಿ. 1.2ನ್ನು 1.2ರಿಂದ, ಮತ್ತೆ 1.2ರಿಂದ ಗುಣಿಸಿ. 1.73 ಬರುತ್ತದೆ. ಅಂದರೆ ಶೇ 20 ವೇಗಕ್ಕೆ ಶೇ 73 ಹೆಚ್ಚು ವಿದ್ಯುತ್ತು. ಅಷ್ಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಬ್ಯಾಟರಿ ಬೇಗ ಇಳಿಯುತ್ತದೆ, ಫ್ಯಾನ್ ಕಿರುಚುತ್ತದೆ.

ಆಪಲ್ ಓಟ ಬಿಟ್ಟು ದೊಡ್ಡ ಹೆಜ್ಜೆ ಹಾಕಿತು. ಎಂ1ರ ದೊಡ್ಡ ಕೋರ್ ಒಂದೇ ಬಡಿತದಲ್ಲಿ (ಗಿಗಾಹರ್ಟ್ಸ್ ಎಣಿಸುವುದು ಈ ಬಡಿತಗಳನ್ನೇ) 8 ಆದೇಶಗಳನ್ನು ಬಿಡಿಸಿಕೊಳ್ಳಬಲ್ಲದು. ಆಗಿನ ಇಂಟೆಲ್, ಎಎಂಡಿ ಕೋರ್‌ಗಳಿಗೆ ಇದು 4 ಅಥವಾ 5. ಹೆಜ್ಜೆ ದೊಡ್ಡದಾದರೆ ನಿಧಾನ ನಡೆದರೂ ಅಷ್ಟೇ ದೂರ ಹೋಗಬಹುದು. ಜೊತೆಗೆ ದೊಡ್ಡ ಕ್ಯಾಶ್ (ಚಿಪ್‌ನ ಒಳಗೇ ಇರುವ ಚುರುಕು ಮೆಮೊರಿ), ಚಿಪ್‌ನ ಪಕ್ಕದಲ್ಲೇ ಕೂರಿಸಿದ ಮೆಮೊರಿ, ಆಗಿನ ಅತ್ಯುತ್ತಮ ಟಿಎಸ್‌ಎಂಸಿ 5 ನ್ಯಾನೊಮೀಟರ್ ತಯಾರಿ. ಎಷ್ಟೋ ಜನ ಇದನ್ನೆಲ್ಲ ಬಿಟ್ಟು ‘ಅದು ಆರ್ಮ್ ಚಿಪ್, ಅದಕ್ಕೇ ಬ್ಯಾಟರಿ ಬರುತ್ತದೆ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆರ್ಮ್ ಅನ್ನುವುದು ಚಿಪ್ ಆಡುವ ಭಾಷೆ. ಬ್ಯಾಟರಿ ಉಳಿಸುವುದು ಆ ಭಾಷೆ ಆಡುವ ಯಂತ್ರದ ವಿನ್ಯಾಸ. ಇನ್ನೂ ಒಂದು ಕಾರಣವಿದೆ. ಆಪಲ್ ಚಿಪ್ ಮಾರುವುದಿಲ್ಲ, ಲ್ಯಾಪ್‌ಟಾಪ್ ಮಾರುತ್ತದೆ. ಚಿಪ್ ದೊಡ್ಡದಾಗಿ ತಯಾರಿ ಖರ್ಚು ಏರಿದರೂ ಅದನ್ನು ಇಡೀ ಯಂತ್ರದ ಬೆಲೆಯಲ್ಲಿ ಸರಿದೂಗಿಸಿಕೊಳ್ಳಬಹುದು. ಇಂಟೆಲ್, ಎಎಂಡಿಗೆ ಆ ಸೌಲಭ್ಯ ಇಲ್ಲ.

ಅಲ್ಲಿಂದ ಮುಂದೆ ಎಲ್ಲರ ಜಗಳವೂ ವ್ಯಾಟ್ ಲೆಕ್ಕದಲ್ಲೇ ನಡೆಯುತ್ತಿದೆ. ಸ್ನಾಪ್‌ಡ್ರ್ಯಾಗನ್ ಮಾಡುವ ಕ್ವಾಲ್‌ಕಾಮ್ ಕಥೆಯನ್ನು ಈ ಕಣ್ಣಿನಿಂದಲೇ ನೋಡಬೇಕು. ಆರ್ಮ್ ಚಿಪ್ ಮೇಲೆ ವಿಂಡೋಸ್ ಓಡಿಸುವ ಪ್ರಯತ್ನ ಹೊಸದಲ್ಲ. 2012ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಆರ್‌ಟಿ ತಂದಿತ್ತು. ಹಳೇ ಪ್ರೋಗ್ರಾಂಗಳು ಅದರಲ್ಲಿ ಓಡುತ್ತಲೇ ಇರಲಿಲ್ಲ. ಮರುವರ್ಷ ಅದರ ಸರ್ಫೇಸ್ ಆರ್‌ಟಿ ದಾಸ್ತಾನಿನ ಲೆಕ್ಕದಲ್ಲಿ 90 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು. ಆಮೇಲೆ ಫೋನ್ ಚಿಪ್‌ಗಳನ್ನೇ ಸ್ವಲ್ಪ ತಿದ್ದಿ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿದರು, ಅದೂ ಸಾಲಲಿಲ್ಲ. 2021ರಲ್ಲಿ ಕ್ವಾಲ್‌ಕಾಮ್ ಸುಮಾರು 140 ಕೋಟಿ ಡಾಲರ್ ಕೊಟ್ಟು ನುವಿಯಾ ಅನ್ನುವ ಪುಟ್ಟ ಕಂಪನಿ ಕೊಂಡಿತು. ಅದನ್ನು ಕಟ್ಟಿದವರು ಆಪಲ್‌ನಲ್ಲಿ ಚಿಪ್ ಮಾಡುತ್ತಿದ್ದ ಎಂಜಿನಿಯರ್‌ಗಳು. ಆ ತಂಡದ ಕೆಲಸದಿಂದ ಬಂದದ್ದೇ ಸ್ನಾಪ್‌ಡ್ರ್ಯಾಗನ್ ಎಕ್ಸ್ ಎಲೀಟ್. 2024ರ ಜೂನ್‌ನಲ್ಲಿ ಅದರ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಗೆ ಬಂದವು.

ಇದು ನಿಜವಾಗಿ ಒಳ್ಳೇ ಚಿಪ್. ಚಾರ್ಜರ್ ತೆಗೆದರೂ ವೇಗ ಅಷ್ಟಾಗಿ ಇಳಿಯುವುದಿಲ್ಲ, ಬ್ಯಾಟರಿ ಚೆನ್ನಾಗಿ ಬರುತ್ತದೆ. ಹಳೇ ಪ್ರೋಗ್ರಾಂಗಳನ್ನು ಅನುವಾದ ಮಾಡಿ ಓಡಿಸಲು ವಿಂಡೋಸ್‌ನಲ್ಲೇ ಪ್ರಿಸಂ ಅನ್ನುವ ವ್ಯವಸ್ಥೆ ಇದೆ. ಆದರೆ ಡ್ರೈವರ್‌ಗಳಿಗೆ (ಸ್ಕ್ಯಾನರ್‌ನಂಥ ಸಾಧನಗಳನ್ನು ನಡೆಸುವ ತಂತ್ರಾಂಶಗಳಿಗೆ) ಆ ಅನುವಾದ ನಡೆಯುವುದಿಲ್ಲ. ಅವು ಆರ್ಮ್‌ಗೆಂದೇ ಬರೆದಿರಬೇಕು. ಹಳೇ ಸ್ಕ್ಯಾನರ್, ಡಾಂಗಲ್ ಹಾಕಿ ತೆರೆಯುವ ಅಕೌಂಟಿಂಗ್ ತಂತ್ರಾಂಶ, ಆಫೀಸಿನ ವಿಪಿಎನ್, ಕೆಲವು ಆನ್‌ಲೈನ್ ಗೇಮ್‌ಗಳು ಕೈಕೊಡುವುದು ಇಲ್ಲೇ. ನೀವು ಲೆಕ್ಕಪತ್ರದ ಕೆಲಸ ಮಾಡುವವರು. ಸ್ನಾಪ್‌ಡ್ರ್ಯಾಗನ್ ಕೊಳ್ಳುವ ಯೋಚನೆ ಇದ್ದರೆ ಮೊದಲು ಇದನ್ನು ವಿಚಾರಿಸಿಕೊಳ್ಳಿ.

ಇಂಟೆಲ್ ಸುಮ್ನೆ ಕೂರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಅದು ಲೂನಾರ್ ಲೇಕ್ ಬಿಡುಗಡೆ ಮಾಡಿತು. ಅಂಗಡಿಯಲ್ಲಿ ಇದರ ಹೆಸರು ಕೋರ್ ಅಲ್ಟ್ರಾ 200ವಿ. ನನ್ನ ಪ್ರಕಾರ ಈ ಇಡೀ ಪೈಪೋಟಿಯ ಅತಿ ದೊಡ್ಡ ಘಟನೆ ಇದು. ಯಾಕೆಂದರೆ ಇಂಟೆಲ್ ತನ್ನ ಹಳೇ ಪಟ್ಟುಗಳನ್ನೆಲ್ಲ ಇದರಲ್ಲಿ ಬಿಟ್ಟುಕೊಟ್ಟಿತು. ಮೆಮೊರಿಯನ್ನು ಆಪಲ್‌ನಂತೆ ಚಿಪ್ ಜೊತೆಗೇ ಕೂರಿಸಿತು. ವರ್ಷಗಟ್ಟಲೆ ಹೊಗಳಿಕೊಂಡಿದ್ದ ಹೈಪರ್‌ಥ್ರೆಡಿಂಗ್ (ಒಂದೇ ಕೋರ್‌ಗೆ ಎರಡು ಕೆಲಸ ಹಿಡಿಸುವ ಉಪಾಯ) ತೆಗೆದುಹಾಕಿತು. ಎಲ್ಲಕ್ಕಿಂತ ಹೆಚ್ಚಾಗಿ, ಮುಖ್ಯ ಕೋರ್‌ಗಳಿರುವ ತುಂಡನ್ನೇ ಟಿಎಸ್‌ಎಂಸಿ ಕೈಯಲ್ಲಿ ಮಾಡಿಸಿತು. ಆ ಹೊತ್ತಿಗೆ ಆಪಲ್, ಎಎಂಡಿ, ಕ್ವಾಲ್‌ಕಾಮ್, ಇಂಟೆಲ್ ನಾಲ್ವರ ಕತ್ತಿಯೂ ಒಂದೇ ಕುಲುಮೆಯಿಂದ ಬರುತ್ತಿತ್ತು. ತಯಾರಿಯಲ್ಲಿ ಆ ಒಬ್ಬರಿಗೆ ಸಾಟಿ ಬೇಕಲ್ಲ ಅನ್ನುವುದು ನನಗೆ ನಿಜವಾದ ಚಿಂತೆ. ಅದಕ್ಕೇ ಇಂಟೆಲ್ 2025ರಲ್ಲಿ ವಿವರ ಬಿಚ್ಚಿಟ್ಟ ಪ್ಯಾಂಥರ್ ಲೇಕ್ ಬಗ್ಗೆ ನನಗೆ ಆಸೆ ಇದೆ. ಅದರ ಕೋರ್‌ಗಳನ್ನು ಇಂಟೆಲ್ ಮತ್ತೆ ತನ್ನದೇ ಫ್ಯಾಕ್ಟರಿಯಲ್ಲಿ, 18ಎ ಅನ್ನುವ ಹೊಸ ವಿಧಾನದಲ್ಲಿ ಮಾಡುತ್ತಿದೆ. ಅದೇ ವರ್ಷ ಎನ್‌ವಿಡಿಯಾ 500 ಕೋಟಿ ಡಾಲರ್ ಹಾಕಿ ಇಂಟೆಲ್ ಜೊತೆ ಸೇರಿ ಲ್ಯಾಪ್‌ಟಾಪ್ ಚಿಪ್ ಮಾಡುವುದಾಗಿ ಹೇಳಿತು. ಅಂದರೆ ಪೈಪೋಟಿ ಇನ್ನೂ ಬಿಸಿಯಾಗಲಿದೆ.

ಎಎಂಡಿ 2024ರ ಜುಲೈನಲ್ಲಿ ರೈಜೆನ್ ಎಐ 300 ತಂದಿತು. ಹಲವು ಕೋರ್ ಒಟ್ಟಿಗೆ ದುಡಿಯಬೇಕಾದ ಕೆಲಸಗಳಿಗೆ ಅದು ಚೆನ್ನಾಗಿದೆ, ಗ್ರಾಫಿಕ್ಸ್ ಕೂಡ ಒಳ್ಳೆಯದು.

ಎಐ ಅನ್ನುವ ಅಕ್ಷರ ನೋಡಿ ದುಡ್ಡು ಜಾಸ್ತಿ ಕೊಡಬೇಡಿ. ಎನ್‌ಪಿಯು ಅನ್ನುವ ಒಂದು ಸಣ್ಣ ಭಾಗ ಈಗ ಎಲ್ಲರ ಹೊಸ ಚಿಪ್‌ನಲ್ಲೂ ಇದೆ. ವಿಡಿಯೊ ಕಾಲ್‌ನಲ್ಲಿ ಹಿನ್ನೆಲೆ ಮಸುಕು ಮಾಡುವಂಥ ಕೆಲಸವನ್ನು ಅದು ಕಡಿಮೆ ವಿದ್ಯುತ್ತಿನಲ್ಲಿ ಮಾಡುತ್ತದೆ. ನಿಮ್ಮ ಕೆಲಸಕ್ಕೆ ಸದ್ಯ ಅಷ್ಟೇ ಉಪಯೋಗ. ಆದರೆ ಇದರಿಂದ ಒಂದು ಒಳ್ಳೇದಾಯಿತು. ಮೈಕ್ರೋಸಾಫ್ಟ್ ಎಐ ಲ್ಯಾಪ್‌ಟಾಪ್‌ಗಳಿಗೆ ತಾನು ಕೊಡುವ ಕೋಪೈಲಟ್ ಪ್ಲಸ್ ಗುರುತು ಬೇಕಾದರೆ ಕನಿಷ್ಠ 16 ಜಿಬಿ ಮೆಮೊರಿ ಇರಲೇಬೇಕು ಅಂತ ಷರತ್ತು ಹಾಕಿತು. ಆಪಲ್ ಕೂಡ 2024ರಲ್ಲಿ ಮ್ಯಾಕ್‌ಬುಕ್ ಏರ್‌ನ ಆರಂಭಿಕ ಮೆಮೊರಿಯನ್ನು 8ರಿಂದ 16ಕ್ಕೆ ಏರಿಸಿತು.

ಈಗ ಹೆಸರುಗಳ ವಿಚಾರ. ಪೈಪೋಟಿಯ ಲಾಭ ನಿಮ್ಮ ಕೈಗೆ ಬರುವ ಮೊದಲೇ ಸೋರಿಹೋಗುವ ಜಾಗ ಇದು. ಎಎಂಡಿಯ ಎರಡು ಚಿಪ್ ತಗೊಳ್ಳಿ. ಒಂದು ರೈಜೆನ್ 5 7520ಯು. ಇನ್ನೊಂದು ರೈಜೆನ್ 5 7540ಯು. ನೋಡಿದರೆ ಅವಳಿ ಜವಳಿ. ಸ್ಟಿಕರ್ ಮೇಲೆ ಎರಡಕ್ಕೂ ‘ರೈಜೆನ್ 5’ ಅಂತಲೇ ಇರುತ್ತದೆ. ಗುಟ್ಟು ಇರುವುದು ಮೂರನೇ ಅಂಕಿಯಲ್ಲಿ. 7520ಯು ಚಿಪ್‌ನ ಮೂರನೇ ಅಂಕಿ 2, ಅಂದರೆ ಒಳಗಿರುವುದು 2019ರ ಝೆನ್ 2 ವಿನ್ಯಾಸದ ನಾಲ್ಕು ಕೋರ್. 7540ಯು ಚಿಪ್‌ನ ಮೂರನೇ ಅಂಕಿ 4, ಅಂದರೆ ಝೆನ್ 4 ವಿನ್ಯಾಸದ ಆರು ಕೋರ್. ಎರಡರ ನಡುವೆ ವರ್ಷಗಳ ಅಂತರ. ಆದರೆ ಮೊದಲ ಅಂಕಿ 7 ನೋಡಿದವರು ಎರಡೂ ಹೊಸದೇ ಅಂದುಕೊಳ್ಳುತ್ತಾರೆ.

ಇಂಟೆಲ್‌ನಲ್ಲೂ ಇದೇ ಗೋಜಲು. ‘ಕೋರ್ ಅಲ್ಟ್ರಾ 7 155ಯು’ ಮತ್ತು ‘ಕೋರ್ 7 150ಯು’ ಒಟ್ಟೊಟ್ಟಿಗೆ ಮಾರಾಟದಲ್ಲಿದ್ದವು. ಮೊದಲನೆಯದು ಹೊಸ ವಿನ್ಯಾಸ. ಎರಡನೆಯದು ಹಿಂದಿನ ತಲೆಮಾರಿನದು. ನಡುವೆ ಇರುವುದು ‘ಅಲ್ಟ್ರಾ’ ಅನ್ನುವ ಒಂದೇ ಪದ. ಇನ್ನು ಕೋರ್ ಅಲ್ಟ್ರಾ 7 258ವಿ, 255ಎಚ್ ಎರಡೂ ‘200 ಸರಣಿ’ಯವೇ. ಆದರೆ ಒಳಗೆ ಬೇರೆಬೇರೆ ಚಿಪ್. ವಿ ಅಂದರೆ ಬ್ಯಾಟರಿಗೆ ಆದ್ಯತೆ ಕೊಟ್ಟ ಲೂನಾರ್ ಲೇಕ್, ಎಚ್ ಅಂದರೆ ಹೆಚ್ಚು ಕೋರ್, ಹೆಚ್ಚು ವಿದ್ಯುತ್ತು. ಕೊನೆಯ ಅಕ್ಷರ ಮರೆತರೆ ಎಲ್ಲ ಮರೆತಂತೆ.

ಪೂರ್ತಿ ನಂಬರ್ ಸರಿಯಿದ್ದರೂ ಇನ್ನೊಂದು ವಿಷಯ ಉಳಿಯುತ್ತದೆ. ಹಿಂದೊಮ್ಮೆ ನನ್ನ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಇದ್ದವು. ಎರಡರಲ್ಲೂ ಒಂದೇ ಪ್ರೊಸೆಸರ್, ಒಂದೇ ಮಾಡೆಲ್ ನಂಬರ್. ಒಂದು ತೀರಾ ತೆಳು, ಇನ್ನೊಂದು ಸ್ವಲ್ಪ ದಪ್ಪ. ಒಂದೇ ವಿಡಿಯೊವನ್ನು ಎರಡರಲ್ಲೂ ಎಕ್ಸ್‌ಪೋರ್ಟ್‌ಗೆ ಹಾಕಿದೆ. ಮೊದಲ ಅರ್ಧ ನಿಮಿಷ ಇಬ್ಬರೂ ಜೊತೆಜೊತೆಗೆ ಓಡಿದರು. ಆಮೇಲೆ ತೆಳುವಾದದ್ದರ ಫ್ಯಾನ್ ಜೋರಾಯಿತು, ಕೀಬೋರ್ಡ್ ಮೇಲಿನ ಭಾಗ ಕೈ ಇಡಲಾರದಷ್ಟು ಬಿಸಿಯಾಯಿತು, ವೇಗ ಮೆಟ್ಟಿಲು ಇಳಿದಂತೆ ಇಳಿಯಿತು. ದಪ್ಪದ್ದು ಕೆಲಸ ಮುಗಿಸಿದಾಗ ಇದು ಇನ್ನೂ ಅರ್ಧ ದಾರಿ ದಾಟಿ ಸ್ವಲ್ಪ ಮುಂದಿತ್ತು, ಅಷ್ಟೇ. ಚಿಪ್ ಕೆಲ ಸೆಕೆಂಡ್ ಎಷ್ಟು ವ್ಯಾಟ್ ಎಳೆಯಬಹುದು, ಆಮೇಲೆ ಎಷ್ಟಕ್ಕೆ ಇಳಿಯಬೇಕು ಅನ್ನುವುದನ್ನು ಕೊನೆಗೆ ತೀರ್ಮಾನಿಸುವವರು ಲ್ಯಾಪ್‌ಟಾಪ್ ಮಾಡಿದವರು. ಬಾಕ್ಸ್ ಮೇಲೆ ಈ ಅಂಕಿ ಬರೆದಿರುವುದಿಲ್ಲ. ಹಾಗಾಗಿ ಪ್ರೊಸೆಸರ್‌ನ ವಿಮರ್ಶೆ ಓದಿ ಸುಮ್ಮನಾಗಬೇಡಿ. ನೀವು ಕೊಳ್ಳುವ ಅದೇ ಲ್ಯಾಪ್‌ಟಾಪ್‌ನ ವಿಮರ್ಶೆ ಹುಡುಕಿ.

ಈಗ ನಿಮ್ಮ ಮೊದಲ ಪ್ರಶ್ನೆ. ಒಂದು ವ್ಯಾಟ್‌ಗೆ ಎಷ್ಟು ಕೆಲಸ ಅನ್ನುವುದರಲ್ಲಿ ನನ್ನ ಲೆಕ್ಕಕ್ಕೆ ಆಪಲ್ ಇನ್ನೂ ಮುಂದಿದೆ. ಆದರೆ ಆ ಚಿಪ್ ಬೇಕೆಂದರೆ ಮ್ಯಾಕ್ ಕೊಳ್ಳಲೇಬೇಕು. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇಂದಿಗೂ ಹೆಚ್ಚು ಮಾರಾಟವಾಗುವುದು ಇಂಟೆಲ್‌ನದೇ. ಗುಣದಲ್ಲಿ ಮಾತ್ರ ಇಂಟೆಲ್, ಎಎಂಡಿ, ಕ್ವಾಲ್‌ಕಾಮ್ ಮೂವರೂ ಈಗ ಒಬ್ಬರ ಬೆನ್ನಿಗೆ ಒಬ್ಬರು ಇದ್ದಾರೆ. ಇದು ಆರು ತಿಂಗಳಿಗೊಮ್ಮೆ ಅದಲು ಬದಲಾಗುತ್ತದೆ. ಹಾಗಾಗಿ ಕಂಪನಿ ನೋಡಿ ಆರಿಸಬೇಡಿ.

ನಿಮ್ಮ ಕೆಲಸಕ್ಕೆ ನಾನು ಹೇಳುವುದು ಇದು. ನಿಮ್ಮ ಅಕೌಂಟಿಂಗ್ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುವುದಾದರೆ ಮ್ಯಾಕ್ ಮರೆತುಬಿಡಿ. ಅದು ಬ್ರೌಸರ್‌ನಲ್ಲೇ ಓಡುವುದಾದರೆ ಮ್ಯಾಕ್‌ಬುಕ್ ಏರ್ ಒಳ್ಳೇ ಆಯ್ಕೆ. ವಿಂಡೋಸ್ ಬೇಕು, ದಿನವಿಡೀ ಚಾರ್ಜರ್ ಇಲ್ಲದೆ ಓಡಾಡಬೇಕು ಅಂದರೆ ಕೊನೆಯಲ್ಲಿ ವಿ ಇರುವ ಕೋರ್ ಅಲ್ಟ್ರಾ ನೋಡಿ. ಅದರಲ್ಲಿ ಮೆಮೊರಿ ಮುಂದೆ ಹೆಚ್ಚಿಸಲು ಬರುವುದಿಲ್ಲ. 256ವಿ ಅಂದರೆ 16 ಜಿಬಿ, 258ವಿ ಅಂದರೆ 32 ಜಿಬಿ. ಎಂಟು ವರ್ಷ ಇಟ್ಟುಕೊಳ್ಳುವವರು ನೀವು, 258ವಿ ಕಡೆ ವಾಲಿ. ಹೆಚ್ಚಾಗಿ ಮೇಜಿನ ಮೇಲೇ ಇಟ್ಟು ಕೆಲಸ ಮಾಡುತ್ತೀರಿ, ವಿಡಿಯೊ ಎಡಿಟಿಂಗ್ ಕೂಡ ಹೆಚ್ಚಾಗಲಿದೆ ಅಂದರೆ ರೈಜೆನ್ ಎಐ 300 ಅಥವಾ ಕೊನೆಯಲ್ಲಿ ಎಚ್ ಇರುವ ಕೋರ್ ಅಲ್ಟ್ರಾ, ಸ್ವಲ್ಪ ದಪ್ಪ ಮೈಯಲ್ಲಿ. ಇವೆಲ್ಲ ಬಜೆಟ್ ಮೀರಿದರೆ ಒಂದು ತಲೆಮಾರು ಹಳೆಯ ಝೆನ್ 4 ರೈಜೆನ್ ತಗೊಳ್ಳಿ. ನಿಮ್ಮ ಕೆಲಸಕ್ಕೆ ಅದು ಧಾರಾಳ ಸಾಕು. 16 ಜಿಬಿಗಿಂತ ಕೆಳಗೆ ಮಾತ್ರ ಇಳಿಯಬೇಡಿ.

ಹಳೇ ಲ್ಯಾಪ್‌ಟಾಪ್ ಎಸೆಯಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹಾಗಾಗಿ ಅದರಲ್ಲಿ ಬ್ಯಾಂಕ್ ಕೆಲಸ ಬೇಡ. ಬೇಕಾದ ಫೈಲ್‌ಗಳನ್ನು ಹೊಸದಕ್ಕೆ ನಕಲು ಮಾಡಿಕೊಂಡು, ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಹಾಕಿ. ಹಾರ್ಡ್‌ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಆ ಎರಡು ಕೋರ್ ಓದು ಬರಹಕ್ಕೆ ಇನ್ನೂ ಕೆಲವು ವರ್ಷ ದುಡಿಯುತ್ತವೆ.